ಮಾವನ ಹಲ್ಲು, ಪ್ರಾತೊ ಬಿಸ್ಕತ್ತು

ಫ್ಲಾರೆನ್ಸಿಗೆ ಬಂದವರೆಲ್ಲ ಪಕ್ಕದ ಪ್ರಾತೊಗೂ ಹೋಗಲೇಬೇಕು ಅಂತೇನಿಲ್ಲ. ಹಟ ಹಿಡಿದದ್ದು ನಮ್ಮ ಸೋದರಮಾವ. ಮ್ಯೂಸಿಯಂಗಳಲ್ಲಿ ನಿಂತೂ ನಿಂತೂ ಮಂಡಿ ನೋವು ಅನ್ನುತ್ತಿದ್ದವರು, ಬಿಸ್ಕತ್ತು ಅಂದ ಕೂಡಲೇ ಎಲ್ಲರಿಗಿಂತ ಮೊದಲು ರೈಲು ಹತ್ತಿ ಕೂತರು.

ಆಂತೋನಿಯೊ ಮತ್ತೇಯಿ ಅನ್ನುವವರು 1858ರಲ್ಲಿ ತೆರೆದ ಅಂಗಡಿ ಅದು. ಇಟಲಿ ಒಂದು ದೇಶವಾಗಿದ್ದೇ 1861ರಲ್ಲಿ, ಬಿಸ್ಕತ್ತು ದೇಶಕ್ಕಿಂತ ಹಳೆಯದು! ಈಗ ಪಾಂದೊಲ್ಫೀನಿ ಮನೆತನದವರು ತಲೆಮಾರುಗಳಿಂದ ನಡೆಸುತ್ತಿದ್ದಾರೆ. ಬಾದಾಮಿ ಹಾಕಿದ ಹಿಟ್ಟನ್ನು ಉದ್ದಕ್ಕೆ ಹೊಸೆದು, ಬೇಯಿಸಿ, ಬಿಸಿಯಿರುವಾಗಲೇ ಓರೆಯಾಗಿ ಕತ್ತರಿಸಿದ ತುಂಡುಗಳು. ನೀಲಿ ಕಾಗದದ ಪೊಟ್ಟಣ, ಮೇಲೆ ದಾರದ ಗಂಟು.

"ಮೊಟ್ಟೆ ಹಾಕದೇ ಇರೋದು ಇದ್ಯಾ ಕೇಳೋ," ಅಂದರು ಅಮ್ಮ.

ಏನಂತ ಕೇಳಲಿ? ಅದಕ್ಕೆ ಬೆಣ್ಣೆ ಹಾಕುವುದಿಲ್ಲ, ಯೀಸ್ಟ್ ಹಾಕುವುದಿಲ್ಲ. ಹಿಟ್ಟು, ಸಕ್ಕರೆ, ಬಾದಾಮಿಗಳನ್ನೆಲ್ಲ ಹಿಡಿದು ನಿಲ್ಲಿಸಿರುವುದೇ ಮೊಟ್ಟೆ. ಆದರೂ ಕೇಳಿದೆ. ಕೌಂಟರಿನ ಹುಡುಗಿ ನೀರಿಲ್ಲದ ಎಳನೀರು ಕೇಳಿದವನನ್ನು ನೋಡುವಂತೆ ನೋಡಿದಳು. ಅಮ್ಮ ಪೊಟ್ಟಣ ಮೂಸಿ ನೋಡಿ, "ವಾಸನೆಗೇನೂ ದೋಷ ಇಲ್ಲ" ಅಂತ ಇನ್ನೊಮ್ಮೆ ಮೂಸಿದರು.

ಅಲ್ಲಿಯವರು ಇದನ್ನು ಊಟವಾದ ಮೇಲೆ 'ವಿನ್ ಸಾಂತೊ' ಅನ್ನುವ ಸಿಹಿ ವೈನಿನಲ್ಲಿ ಅದ್ದಿ ತಿನ್ನುತ್ತಾರೆ. ಮೊಟ್ಟೆಗೇ ಇಷ್ಟು ಪಾಡು, ಇನ್ನು ವೈನಿನ ಮಾತು ಯಾರು ಎತ್ತುತ್ತಾರೆ? ಸುಮ್ನೆ ಹೋಗಿ ಚರ್ಚಿನ ಚೌಕದಲ್ಲಿ ಕೂತೆವು. ಗೋಡೆಯ ಮೂಲೆಯಲ್ಲಿ ಶಿಲ್ಪಿ ದೊನಾತೆಲ್ಲೊ ರೂಪಿಸಿದ ಕಲ್ಲಿನ ಉಪದೇಶ ಪೀಠ. ಮಾವ ಅತ್ತ ತಿರುಗಿಯೂ ನೋಡಲಿಲ್ಲ. ಅವರ ಕಣ್ಣೆಲ್ಲ ಅಮ್ಮನ ಫ್ಲಾಸ್ಕಿನ ಕಾಫಿ ಮೇಲೆ.

"ಸ್ವಲ್ಪ ನೆನೀಲಿ ಅಣ್ಣ," ಅಂದರು ಅಮ್ಮ.

"ಎಷ್ಟು ರಸ್ಕು ತಿಂದಿಲ್ಲ ನಾನು!" ಅಂತ ಮಾವ ಅದ್ದಿದ ಕೂಡಲೇ ಕಚ್ಚಿದರು. ಟಕ್ ಅಂತು. ರಸ್ಕು ಕಾಫಿ ಕಂಡರೆ ಕರಗುತ್ತದೆ. ಈ ಬಿಸ್ಕತ್ತು ಹಾಗೆ ಜಗ್ಗುವ ಜಾತಿಯದ್ದಲ್ಲ. ಮಾವ ಕೈ ಹಿಂದಕ್ಕೆ ತೆಗೆದಾಗ ಮೇಲಿನ ಸೆಟ್ಟು ಪೂರ್ತಿ ಅದನ್ನು ಕಚ್ಚಿಕೊಂಡೇ ಹೊರಗೆ ಬಂತು. ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಗಾದೆ, ಅಲ್ವಾ? ಮಾವನಿಗೆ ಎರಡೂ ಇದ್ದವು, ಒಂದೇ ಕೈಯಲ್ಲಿ.

ಪಾರಿವಾಳಗಳು ಬಿಟ್ಟರೆ ಯಾರೂ ನೋಡಲಿಲ್ಲ. ಮಾವ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿದರು. ಬಿಸ್ಕತ್ತನ್ನು ಮತ್ತೆ ಕಾಫಿಯಲ್ಲಿ ಮುಳುಗಿಸಿ, ಈ ಸಲ ಕಾದು, ಒಸಡಿನಲ್ಲೇ ನುರಿದು ನುಂಗಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಅಂದರು. ನಾನು ಗಾಬರಿಯಲ್ಲಿ ಹತ್ತಿರದ ಡೆಂಟಿಸ್ಟ್ ಯಾರು ಅಂತ ಮೊಬೈಲಿನಲ್ಲಿ ಹುಡುಕತೊಡಗಿದೆ.

"ಅದಲ್ಲ ಕಣೋ," ಅಂದರು ಅಮ್ಮ. "ಅಂಗಡಿ ಮುಚ್ಚೋದ್ರೊಳಗೆ ಇನ್ನರ್ಧ ಕೇಜಿ ತಗೊಂಡು ಬಾ ಅಂತಿದಾನೆ."