ಕಾರ್ಬನ್ ಶೂ: 'ಶೇ 4' ಅಂದರೆ ವೇಗವಲ್ಲ

"ಕಾರ್ಬನ್ ಪ್ಲೇಟ್ ಶೂ ಹಾಕಿದರೆ ಶೇ 4ರಷ್ಟು ವೇಗ ಹೆಚ್ಚುತ್ತದೆ, ಪ್ಲೇಟೇ ಸ್ಪ್ರಿಂಗಿನಂತೆ ಮುಂದಕ್ಕೆ ತಳ್ಳುತ್ತದೆ" ಎಂಬ ಸಂದೇಶ ಓಟಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. (ಅಟ್ಟೆಯೊಳಗೆ ಕಾರ್ಬನ್ ಫೈಬರಿನ ಗಟ್ಟಿ ತಗಡು, ಅಂದರೆ ಪ್ಲೇಟ್, ಇರುವ ಓಟದ ಶೂ ಇದು.) ಎರಡೂ ಮಾತು ಸರಿಯಲ್ಲ.

ಶೇ 4 ಎಂಬ ಅಂಕಿ ಬಂದದ್ದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗದಿಂದ. ನುರಿತ 18 ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಗಂಟೆಗೆ 14, 16 ಮತ್ತು 18 ಕಿ.ಮೀ. ವೇಗದಲ್ಲಿ ಓಡಿಸಿ, ಉಸಿರಿನ ಲೆಕ್ಕದಿಂದ ದೇಹ ಖರ್ಚು ಮಾಡಿದ ಶಕ್ತಿಯನ್ನು ಅಳೆದರು. ನೈಕಿಯ ಆಗಿನ ಹೊಸ ಕಾರ್ಬನ್ ಪ್ಲೇಟ್ ಮಾದರಿಯಲ್ಲಿ ಆ ಖರ್ಚು ಬೇರೆ ರೇಸ್ ಶೂಗಳಿಗಿಂತ ಸರಾಸರಿ ಶೇ 4ರಷ್ಟು ಕಡಿಮೆಯಿತ್ತು. (ಪ್ರಯೋಗಕ್ಕೆ ಹಣ ಕೊಟ್ಟದ್ದೂ ನೈಕಿಯೇ; ಇದನ್ನು ಓದುಗರು ತಿಳಿದಿರಬೇಕು.) ಹೀಗೆ ಉಳಿತಾಯವಾದ ಶಕ್ತಿಯೆಲ್ಲ ವೇಗವಾಗುವುದಿಲ್ಲ. ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ.

ಇನ್ನು ಸ್ಪ್ರಿಂಗಿನ ಮಾತು. ನಂತರದ ಸಂಶೋಧಕರು ಶೂವಿನ ಮುಂಭಾಗದ ಪ್ಲೇಟನ್ನೇ ಅಡ್ಡಡ್ಡ ಕೊಯ್ದು ಓಡಿಸಿ ನೋಡಿದರು. ಶಕ್ತಿಯ ಖರ್ಚು ಹೆಚ್ಚುಕಡಿಮೆ ಅಷ್ಟೇ ಉಳಿಯಿತು! ಉಳಿತಾಯದ ದೊಡ್ಡ ಪಾಲು ಅಟ್ಟೆಯ ದಪ್ಪನೆಯ, ಹಗುರ ಫೋಮಿನದು. ಅದುಮಿದಾಗ ಹಿಡಿದ ಶಕ್ತಿಯಲ್ಲಿ ಸುಮಾರು ಶೇ 87ನ್ನು ಅದು ಮರಳಿಸುತ್ತದೆ.

ಶೇ 4 ಸರಾಸರಿ ಮಾತ್ರ. ಕೊಲರಾಡೊ ಪ್ರಯೋಗದಲ್ಲೇ ಒಬ್ಬರಿಗೆ ಸುಮಾರು ಶೇ 2, ಇನ್ನೊಬ್ಬರಿಗೆ ಶೇ 6 ಉಳಿತಾಯವಾಗಿತ್ತು.