ಸತ್ಯಾಂಶ: ಜಮೀನು ಪಟ್ಟಣಕ್ಕೆ ಸೇರಿದರೆ ನೀರೂ ಪಟ್ಟಣದ್ದೇ?

ಅಮೆರಿಕದಲ್ಲಿ ಸಣ್ಣ ಪಟ್ಟಣಗಳ ಅಂಚಿನಲ್ಲಿ ಮನೆ ಕೊಳ್ಳುವವರ ನಡುವೆ ಹೀಗೊಂದು ಸಂದೇಶ ಹರಿದಾಡುತ್ತದೆ: ‘ಪಟ್ಟಣ ನಿಮ್ಮ ಜಾಗವನ್ನು ತನ್ನ ಗಡಿಯೊಳಗೆ ಸೇರಿಸಿಕೊಂಡ ದಿನವೇ ಗ್ರಾಮೀಣ ನೀರು ಮಂಡಳಿಯ ಹಕ್ಕು ಮುಗಿಯುತ್ತದೆ, ನಗರದ ನೀರು ಬರುತ್ತದೆ.’

ಇದು ಸರಿಯಲ್ಲ. ಸೇರ್ಪಡೆಯಿಂದ ತೆರಿಗೆ, ಕಟ್ಟಡ ನಿಯಮಗಳು ಬದಲಾಗಬಹುದು. ಆದರೆ ನೀರು ಕೊಡುವವರು ತಾವಾಗಿಯೇ ಬದಲಾಗುವುದಿಲ್ಲ. ಮಂಡಳಿಯು ಕೇಂದ್ರ ಕೃಷಿ ಇಲಾಖೆಯ ಸಾಲ ಪಡೆದಿದ್ದರಂತೂ 1961ರ ಕಾನೂನು ಅದರ ಬೆನ್ನಿಗಿದೆ: ಸಾಲ ತೀರುವವರೆಗೆ, ಪ್ರದೇಶವನ್ನು ಪಟ್ಟಣದ ಗಡಿಗೆ ಸೇರಿಸಿದ ಮಾತ್ರಕ್ಕೆ ಮಂಡಳಿಯ ಸೇವೆಯನ್ನು ಮೊಟಕುಗೊಳಿಸುವಂತಿಲ್ಲ. ಕಾರಣ ಸರಳ. ಕೊಳವೆ ಹಾಕಲು ಸಾಲ ಮಾಡಿದ ಮಂಡಳಿಯ ಗ್ರಾಹಕರನ್ನು ಪಟ್ಟಣ ಸೆಳೆದುಕೊಂಡರೆ, ಸಾಲದ ಹೊರೆಯೆಲ್ಲ ಉಳಿದ ರೈತ ಕುಟುಂಬಗಳ ಬಿಲ್ಲಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಇದು ನ್ಯಾಯವಾದ ರಕ್ಷಣೆ.

ಹಾಗೆಂದು ಮಂಡಳಿಯ ಹಕ್ಕು ಅಖಂಡವೂ ಅಲ್ಲ. ಟೆಕ್ಸಾಸ್‌ನ ಶರ್ಟ್ಜ್ ನಗರ ಮತ್ತು ಗ್ರೀನ್ ವ್ಯಾಲಿ ಮಂಡಳಿಯ ನಡುವಿನ ವ್ಯಾಜ್ಯದಲ್ಲಿ (ಅಲ್ಲಿ ಜಗಳವಿದ್ದದ್ದು ಒಳಚರಂಡಿ ಸೇವೆಯ ಬಗ್ಗೆ) ಐದನೇ ವಲಯದ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿದ್ದಿಷ್ಟು: ಕೈಯಲ್ಲಿ ಪರವಾನಗಿ ಪತ್ರವಿದ್ದರೆ ಸಾಲದು, ಕೇಳಿದಾಗ ಸಮಂಜಸ ಅವಧಿಯಲ್ಲಿ ಸೇವೆ ಒದಗಿಸುವ ಸೌಕರ್ಯವೂ ಇರಬೇಕು.

ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಮಂಡಳಿಯನ್ನೂ ಪಟ್ಟಣದ ಕಚೇರಿಯನ್ನೂ ಲಿಖಿತವಾಗಿ ಕೇಳಿ: ಈ ಜಾಗ ಯಾರ ಸೇವಾ ವ್ಯಾಪ್ತಿಯಲ್ಲಿದೆ, ಸಾಲ ಬಾಕಿಯಿದೆಯೇ, ಕೊಳವೆ ಎಲ್ಲಿಯವರೆಗೆ ಬಂದಿದೆ?