ಆಡಿಗೂ ಮದುವೆಗೂ ನಡುವೆ ಒಂದು ಎಚ್

ಲಟ್ವಿಯನ್ ಭಾಷೆಯಲ್ಲಿ ‘ಕಜ಼ಸ್’ ಎಂದರೆ ಆಡುಗಳು, ‘ಕಾಜ಼ಸ್’ ಎಂದರೆ ಮದುವೆ. ಕಾನಾ ಊರಿನ ಮದುವೆಯ ಪ್ರಸಂಗವನ್ನು ಓದುವ ಪಾದ್ರಿ ಮೊದಲ ಸ್ವರವನ್ನು ಎಳೆಯಲು ಮರೆತರೆ ಏಸುವೂ ಶಿಷ್ಯರೂ ಆಡಿನ ಹಿಂಡಿಗೆ ಅತಿಥಿಗಳಾಗಿಬಿಡುತ್ತಾರೆ. ಲಟ್ವಿಯನ್ನಿನ ಮೊದಲ ಪುಸ್ತಕಗಳನ್ನು ಬರೆದವರಲ್ಲಿ ಹೆಚ್ಚಿನವರು ಜರ್ಮನ್ ಪಾದ್ರಿಗಳು. ಅವರ ಕಾಗುಣಿತವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವ ಮಾತನ್ನು ನಾನು ಒಪ್ಪಲಾರೆ.

ಇಂದಿಗೆ ಉಳಿದಿರುವ ಮೊದಲ ಮುದ್ರಿತ ಪುಸ್ತಕಗಳು 1585ರ ಕ್ಯಾಥೊಲಿಕ್ ಮತ್ತು 1586ರ ಲೂಥರನ್ ಧರ್ಮಬೋಧೆಯವು. ಅವುಗಳಲ್ಲಿ ಕಾಗುಣಿತಕ್ಕೆ ನಿಯಮವೆಂಬುದು ಇನ್ನೂ ನೆಲೆಗೊಂಡಿರಲಿಲ್ಲ. 1638ರಲ್ಲಿ ನಿಘಂಟು ಪ್ರಕಟಿಸಿದ ಜರ್ಮನ್ ಪಾದ್ರಿ ಗೇಯಾರ್ಗ್ ಮಾನ್ಸೇಲಿಯಸ್ ಕಿವಿಗೊಟ್ಟು ಕೇಳಿದವನು. ದೀರ್ಘಸ್ವರದ ನಂತರ ಎಚ್ ಇಟ್ಟನು, ಜರ್ಮನ್ನಿನಲ್ಲಿಲ್ಲದ ‘ಞ’ದಂಥ ತಾಲವ್ಯ ಧ್ವನಿಗಳಿಗಾಗಿ ಇದ್ದ ಅಕ್ಷರಗಳಿಗೇ ಓರೆಗೆರೆ ಎಳೆದನು. ಪರಭಾಷೆಯ ಧ್ವನಿಯೊಂದಕ್ಕೆ ಹೊಸ ಅಚ್ಚುಮೊಳೆ ಮಾಡಿಸುವವನನ್ನು ಉದಾಸೀನನೆಂದು ಹೇಗೆ ಕರೆಯುವುದು?

ಹಳೆಯ ಕಾಗುಣಿತದ ಕರ್ತನ ಪ್ರಾರ್ಥನೆಯಲ್ಲಿ ‘ತೇವ್ಸ್’, ಅಂದರೆ ತಂದೆ, ಎಂಬ ಪದದ ‘ತೇ’ಗೆ ಟಿ, ಇ, ಎಚ್ ಸಿಗುತ್ತವೆ. ಪಕ್ಕದಲ್ಲೇ ಇರುವ ‘ಡೆಬೆಸೀಸ್’, ಅಂದರೆ ಸ್ವರ್ಗದಲ್ಲಿ, ಎಂಬ ಪದಕ್ಕೆ ಎರಡು ಬಿ ಇದೆ. ಕನ್ನಡಿಗರಾದ ನಾವು ಅದನ್ನು ‘ಹಬ್ಬ’ದ ಒತ್ತಕ್ಷರದಂತೆ ಓದಿಬಿಡುತ್ತೇವೆ; ಆದರೆ ಅಲ್ಲಿ ಉಚ್ಚಾರವಾಗುವುದು ಒಂದೇ ಬ. ಎರಡನೆಯದು ಹಿಂದಿನ ಸ್ವರ ಹ್ರಸ್ವವೆಂದು ತಿಳಿಸಲು ಜರ್ಮನ್ ಪದ್ಧತಿಯಿಂದ ಬಂದದ್ದು. ದೀರ್ಘಕ್ಕೆ ಗುರುತಿಟ್ಟ ಮೇಲೆ ಹ್ರಸ್ವಕ್ಕೂ ಏಕೆ? ನನ್ನ ದೃಷ್ಟಿಯಲ್ಲಿ ಇದು ಶುದ್ಧ ದಂಡ. ಅದೇ ಪದದ ಕೊನೆಯ ‘ಸೀ’ಯೂ ದೀರ್ಘವೇ, ಆದರೆ ಅಲ್ಲಿ ಎಚ್ ಇಲ್ಲ, ಐ ಅಕ್ಷರದ ತಲೆಯ ಮೇಲೆ ಪುಟ್ಟ ಟೊಪ್ಪಿಗೆಯಿದೆ. ಅದು ಸಪ್ತಮಿ ವಿಭಕ್ತಿಯ ಗುರುತು. ಧಾತುವಿನ ದೀರ್ಘ ಬೇರೆ, ಪ್ರತ್ಯಯದ ದೀರ್ಘ ಬೇರೆ ಎಂದು ಕಣ್ಣಿಗೇ ತೋರಿಸುವ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕಾಲು, ಕಾಳು ಎರಡನ್ನೂ ಒಂದೇ ಬಗೆಯಲ್ಲಿ ಬರೆಯುವ ನಮಗೆ ಇಷ್ಟು ತಾಳ್ಮೆಯೂ ಇಲ್ಲ.

ನನ್ನ ತಕರಾರು ಬೇರೆಡೆ ಇದೆ. ಮಾತೃಭಾಷೆಯವರಿಗೆ ಹ್ರಸ್ವದೀರ್ಘಗಳು ಕಿವಿಗೇ ಗೊತ್ತಿರುತ್ತವೆ. ಇಷ್ಟೆಲ್ಲ ಗುರುತು ಬೇಕಿದ್ದದ್ದು ವೇದಿಕೆಯ ಮೇಲೆ ನಿಂತು ಓದುವ ಪರಭಾಷಿಕನಿಗೆ. ರೈತನ ಮನೆಯ ಓದುಗನನ್ನು ಎದುರಿಗಿಟ್ಟುಕೊಂಡು ಕಟ್ಟಿದ ಕಾಗುಣಿತ ಅದಲ್ಲ. ಲಟ್ವಿಯನ್ನರೇ ಆದ ಭಾಷಾವಿಜ್ಞಾನಿ ಕಾರ್ಲಿಸ್ ಮೀಲೆನ್‌ಬಾಹ್ಸ್ ನೇತೃತ್ವದ ಸಮಿತಿ 1908ರಲ್ಲಿ ರೀಗಾದಲ್ಲಿ ಕುಳಿತು ಜೋಡಿ ವ್ಯಂಜನವನ್ನೂ ಎಚ್‌ಅನ್ನೂ ತೆಗೆದು, ಸ್ವರದ ತಲೆಯ ಮೇಲೆ ಅಡ್ಡಗೆರೆ ಇಟ್ಟಿತು. ಮದುವೆಯನ್ನು ಆಡಿನಿಂದ ಬೇರ್ಪಡಿಸುವ ಕೆಲಸವನ್ನು ಈಗ ಆ ಗೆರೆ ಮಾಡುತ್ತಿದೆ.